ಎಂಟು ವರ್ಷದ ಮಗಳನ್ನು ಇಂಗ್ಲೆಂಡಿನ ಬೋರ್ಡಿಂಗ್ ಶಾಲೆಗೆ ಕಳುಹಿಸಬಹುದೇ? ತಿಳಿದವರು ದಯವಿಟ್ಟು ಹೇಳಿ

ಪ್ರಶ್ನೆ: ಗೋಕುಲ ರಸ್ತೆಯ ತಂದೆ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ಪ್ರದೇಶದಲ್ಲಿ ವಾಲ್ವ್ ತಯಾರಿಸುವ ಸಣ್ಣ ಕಾರ್ಖಾನೆ ನಡೆಸುತ್ತೇನೆ. ನನ್ನ ಹೆಂಡತಿ ಕಾಲೇಜಿನಲ್ಲಿ ಉಪನ್ಯಾಸಕಿ. ನಮಗೆ ಒಬ್ಬಳೇ ಮಗಳು. ಎಂಟು ವರ್ಷ ತುಂಬಿದೆ, ಮೂರನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಆಕೆಯ ಸೋದರಮಾವ ಹಲವು ವರ್ಷಗಳಿಂದ ಬರ್ಮಿಂಗ್‌ಹ್ಯಾಮಿನಲ್ಲಿ ನೆಲೆಸಿದ್ದಾರೆ. ಕಳೆದ ದೀಪಾವಳಿಗೆ ಊರಿಗೆ ಬಂದಾಗ ಆಕೆಯನ್ನು ಅಲ್ಲಿನ ಬೋರ್ಡಿಂಗ್ ಶಾಲೆಗೆ ಸೇರಿಸುವ ಮಾತು ತೆಗೆದರು. ಅಂದಿನಿಂದ ಮನೆಯಲ್ಲಿ ಇದೊಂದೇ ವಿಷಯ.

ನನ್ನ ಮನಸ್ಸು ಅತ್ತ ವಾಲಿರುವುದಕ್ಕೆ ಕಾರಣವಿದೆ. ನಾನು ನವಲಗುಂದ ತಾಲ್ಲೂಕಿನ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಓದಿದವನು. ಯಂತ್ರದ ಕೆಲಸ ಕೈಗೆ ಹತ್ತಿತು, ವ್ಯಾಪಾರವೂ ಕೈಹಿಡಿಯಿತು. ಆದರೆ ಹೊರದೇಶದ ಗಿರಾಕಿಗಳು ಎದುರಿಗೆ ಕುಳಿತಾಗ, ನಾನೇ ಮಾಡಿದ ವಾಲ್ವಿನ ಬಗ್ಗೆ ನನ್ನ ಪರವಾಗಿ ಬೇರೊಬ್ಬರು ಮಾತನಾಡುವುದನ್ನು ಸುಮ್ಮನೆ ಕೇಳುತ್ತ ಕುಳಿತ ದಿನಗಳನ್ನು ಮರೆಯಲಾಗಿಲ್ಲ. ಮಗಳಿಗೆ ಆ ಸ್ಥಿತಿ ಬರಬಾರದು ಎಂಬುದೇ ನನ್ನ ಆಸೆ. ಹೆಂಡತಿ ಬೇಡವೆಂದು ಹೇಳುವುದಿಲ್ಲ, ಆದರೆ ಹೂಂ ಎಂದೂ ಹೇಳುತ್ತಿಲ್ಲ. ನನ್ನ ತಾಯಿಯಂತೂ ಈ ಮಾತು ಬಂದೊಡನೆ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಾರೆ.

ಬೆಂಗಳೂರಿನ ಏಜೆಂಟರೊಬ್ಬರು ಮೂರು ಶಾಲೆಗಳ ಪುಸ್ತಿಕೆಗಳನ್ನು ಕಳುಹಿಸಿದ್ದಾರೆ. ಮೂರರಲ್ಲೂ ಹಸಿರು ಮೈದಾನ, ಕುದುರೆಗಳು, ನಗುವ ಮಕ್ಕಳು. ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವೇ ತಿಳಿಯುವುದಿಲ್ಲ. ಬರುವ ಸೆಪ್ಟೆಂಬರಿಗೆ ಸೀಟು ಬೇಕಾದರೆ ಈ ತಿಂಗಳೇ ಠೇವಣಿ ಕಟ್ಟಬೇಕೆಂದು ಅವಸರ ಮಾಡುತ್ತಿದ್ದಾರೆ. ಈ ವಯಸ್ಸು ಸರಿಯೇ, ಶಾಲೆಯನ್ನು ಏನು ನೋಡಿ ಆರಿಸಬೇಕು, ತಾಯಿ ಜೊತೆಯಲ್ಲಿ ಹೋಗಿ ಇರಲು ಸಾಧ್ಯವೇ, ಒಟ್ಟು ಖರ್ಚು ಎಷ್ಟಾದೀತು ಎಂಬುದನ್ನು ಅನುಭವವಿದ್ದವರು ತಿಳಿಸಿದರೆ ಬಹಳ ಉಪಕಾರವಾಗುತ್ತದೆ.

ಉತ್ತರ 1: ನಿವೃತ್ತ ಶಿಕ್ಷಕಿ, ಧಾರವಾಡ

ತಮ್ಮಾ, ನಿಮ್ಮ ಆಸೆಯಲ್ಲಿ ತಪ್ಪೇನೂ ಇಲ್ಲ. ಮೂವತ್ತೆರಡು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವಳಾಗಿ ನಾನು ವಯಸ್ಸಿನ ಬಗ್ಗೆ ಮಾತ್ರ ಹೇಳುತ್ತೇನೆ. ಶಾಲೆಗಳ ಬಗ್ಗೆ ತಿಳಿದವರು ಹೇಳಲಿ.

ಮಕ್ಕಳನ್ನು ಓದಿಗಾಗಿ ಮನೆಯಿಂದ ದೂರ ಇಡುವುದು ನಮ್ಮ ಭಾಗಕ್ಕೆ ಹೊಸದಲ್ಲ. ಧಾರವಾಡದ ಮುರುಘಾಮಠದ ಉಚಿತ ಪ್ರಸಾದ ನಿಲಯದಲ್ಲಿದ್ದು ಓದಿ ಮುಂದೆ ಬಂದವರು ಈ ಸೀಮೆಯ ಎಷ್ಟೋ ಹಳ್ಳಿಗಳಲ್ಲಿದ್ದಾರೆ. ಆದರೆ ಆ ಹುಡುಗರ ಅಪ್ಪಂದಿರು ತಿಂಗಳಿಗೊಮ್ಮೆ ಬುತ್ತಿ ಗಂಟು ಹಿಡಿದು ಬಸ್ಸಿನಲ್ಲಿ ಬಂದು ಮುಖ ನೋಡಿ ಹೋಗುತ್ತಿದ್ದರು. ವಯಸ್ಸನ್ನೂ ಗಮನಿಸಿ. ನವೋದಯ ವಿದ್ಯಾಲಯವಾಗಲಿ, ಮೊರಾರ್ಜಿ ದೇಸಾಯಿ ವಸತಿ ಶಾಲೆಯಾಗಲಿ, ವಿಜಯಪುರದ ಸೈನಿಕ ಶಾಲೆಯಾಗಲಿ, ಕಿತ್ತೂರಿನ ರಾಣಿ ಚೆನ್ನಮ್ಮ ಬಾಲಕಿಯರ ಸೈನಿಕ ಶಾಲೆಯಾಗಲಿ, ಇವೆಲ್ಲ ಮಕ್ಕಳನ್ನು ತೆಗೆದುಕೊಳ್ಳಲು ಆರಂಭಿಸುವುದು ಆರನೆಯ ತರಗತಿಯಿಂದ. ಡೆಹ್ರಾಡೂನಿನ ಡೂನ್ ಶಾಲೆಗೆ ಸೇರುವುದೂ ಏಳನೆಯ ತರಗತಿಯಿಂದ. ಹತ್ತು ಹನ್ನೊಂದು ವರ್ಷದ ಮಗು ತನಗೆ ಏನಾಗುತ್ತಿದೆ ಎಂಬುದನ್ನು ಮಾತಿನಲ್ಲಿ ಹೇಳಬಲ್ಲದು. ಎಂಟು ವರ್ಷದ ಮಗು ಹೊಟ್ಟೆ ನೋಯುತ್ತದೆ ಎನ್ನುತ್ತದೆ. ನಾನು ತರಗತಿಯಲ್ಲಿ ಇದನ್ನು ಎಷ್ಟು ಸಲ ಕಂಡಿದ್ದೇನೋ ಲೆಕ್ಕವಿಲ್ಲ.

ಸ್ವತಃ ಇಂಗ್ಲಿಷರೇ ಈ ನೋವನ್ನು ಉಂಡವರು. ಮುಂಬಯಿಯಲ್ಲಿ ಹುಟ್ಟಿದ ಇಂಗ್ಲಿಷ್ ಲೇಖಕ ರಡ್ಯಾರ್ಡ್ ಕಿಪ್ಲಿಂಗರನ್ನು 1871ರಲ್ಲಿ, ಆರು ವರ್ಷ ತುಂಬುವ ಮುಂಚೆಯೇ, ಪುಟ್ಟ ತಂಗಿಯ ಜೊತೆಗೆ ಇಂಗ್ಲೆಂಡಿನ ಸೌತ್‌ಸೀಯಲ್ಲಿ ಅಪರಿಚಿತರ ಮನೆಯಲ್ಲಿ ಬಿಟ್ಟು ಬಂದರು. ಅಲ್ಲಿ ಕಳೆದ ಸುಮಾರು ಆರು ವರ್ಷಗಳ ಸಂಕಟವನ್ನು ಅವರು ಬಾಳಿನ ಕೊನೆಗಾಲದಲ್ಲೂ ಬರೆದರು. ಇತ್ತೀಚೆಗೆ, 2011ರಲ್ಲಿ, ಜಾಯ್ ಶಾವೇರಿಯನ್ ಎಂಬ ಮನೋಚಿಕಿತ್ಸಕಿ ಎಳೆಯ ವಯಸ್ಸಿನಲ್ಲಿ ಬೋರ್ಡಿಂಗಿಗೆ ಹೋದವರಲ್ಲಿ ದೊಡ್ಡವರಾದ ಮೇಲೂ ಉಳಿಯುವ ತೊಂದರೆಗಳಿಗೆ ‘ಬೋರ್ಡಿಂಗ್ ಸ್ಕೂಲ್ ಸಿಂಡ್ರೋಮ್’ ಎಂಬ ಹೆಸರನ್ನೇ ಕೊಟ್ಟರು. ಹೋದವರೆಲ್ಲರಿಗೂ ಹೀಗಾಗುತ್ತದೆ ಎಂದಲ್ಲ. ಆದರೆ ಅಲ್ಲಿನವರೇ ಮರುಯೋಚನೆ ಮಾಡುತ್ತಿರುವ ವಯಸ್ಸಿಗೆ ನಾವು ಅವಸರದಿಂದ ಕಳುಹಿಸಬಾರದು.

ಇನ್ನೊಂದು ಮಾತು, ಇದು ನನ್ನ ಹೊಟ್ಟೆಯೊಳಗಿನದು. ಮೂರನೆಯ ತರಗತಿಯೆಂದರೆ ಮಕ್ಕಳಿಗೆ ಒತ್ತಕ್ಷರ ಕೈಯಲ್ಲಿ ಕೂಡುವ ಹೊತ್ತು. ಈಗ ಬಿಟ್ಟರೆ ಕನ್ನಡ ಕಿವಿಯಲ್ಲಿ ಉಳಿಯುತ್ತದೆ, ಕಣ್ಣಿನಲ್ಲಿ ಉಳಿಯುವುದಿಲ್ಲ. ಒಂಬತ್ತನೆಯ ವಯಸ್ಸಿಗೆ ಹೊರದೇಶಕ್ಕೆ ಹೋದ ನನ್ನ ವಿದ್ಯಾರ್ಥಿಯೊಬ್ಬ ಹದಿನಾರರಲ್ಲಿ ಊರಿಗೆ ಬಂದಾಗ ಅಂಗಡಿಯ ಬೋರ್ಡುಗಳನ್ನು ಬೆರಳಿಟ್ಟು ಕೂಡಿಸಿ ಓದುತ್ತಿದ್ದ; ತನ್ನ ಅಜ್ಜಿಯನ್ನು ‘ನೀವು’ ಎಂದು ಕರೆದ. ಮರ್ಯಾದೆಯಿಂದಲೇ ಕರೆದ, ಆದರೆ ನಮ್ಮ ಕಡೆ ಅಜ್ಜಿಯನ್ನು ಹಾಗೆ ಕರೆಯುವ ಮೊಮ್ಮಗ ಯಾರಿದ್ದಾನೆ? ಆಕೆ ಸೆರಗಿನಿಂದ ಕಣ್ಣು ಒರೆಸಿಕೊಂಡಿದ್ದನ್ನು ನಾನು ಎದುರಿಗೆ ಕುಳಿತು ನೋಡಿದ್ದೇನೆ.

ಉತ್ತರ 2: ಮಗನನ್ನು ಕಳುಹಿಸಿದ ತಾಯಿ, ಗದಗ

ನಾವು ನಮ್ಮ ಮಗನನ್ನು ಹತ್ತನೆಯ ವಯಸ್ಸಿಗೆ ಇಂಗ್ಲೆಂಡಿಗೆ ಕಳುಹಿಸಿದೆವು. ಈಗ ಅವನಿಗೆ ಹದಿನೈದು, ಚೆನ್ನಾಗಿದ್ದಾನೆ, ಓದುತ್ತಿದ್ದಾನೆ. ಕಳುಹಿಸಿದ್ದಕ್ಕೆ ನಮಗೆ ಪಶ್ಚಾತ್ತಾಪವಿಲ್ಲ, ಆದರೆ ಕಳುಹಿಸಿದ ರೀತಿಗೆ ಇದೆ. ಅದನ್ನೇ ಬರೆಯುತ್ತೇನೆ.

ಪುಸ್ತಿಕೆ ನೋಡುವಾಗ ಶಾಲೆ ವರ್ಷವಿಡೀ ಮಗುವನ್ನು ಇಟ್ಟುಕೊಳ್ಳುತ್ತದೆ ಎಂದೇ ನಾವು ತಿಳಿದಿದ್ದೆವು. ಹಾಗಿಲ್ಲ. ಅಲ್ಲಿ ವರ್ಷಕ್ಕೆ ಮೂರು ಅವಧಿಗಳು. ಪ್ರತಿ ಅವಧಿಯ ಮಧ್ಯಭಾಗದಲ್ಲಿ ‘ಹಾಫ್ ಟರ್ಮ್’ ಎಂದು ಒಂದು ವಾರ, ಕೆಲವು ಶಾಲೆಗಳಲ್ಲಿ ಎರಡು ವಾರ ರಜೆ. ಅದಲ್ಲದೆ ‘ಎಕ್ಸಿಯಟ್’ ಎಂಬ ಕೆಲವು ರಜೆಯ ವಾರಾಂತ್ಯಗಳು. ಆ ದಿನಗಳಲ್ಲಿ ಹಾಸ್ಟೆಲ್ ಮುಚ್ಚುತ್ತದೆ, ಮಗು ಎಲ್ಲಿಗಾದರೂ ಹೋಗಲೇಬೇಕು. ಅದಕ್ಕಾಗಿ ಅಲ್ಲಿ ಒಬ್ಬ ಗಾರ್ಡಿಯನ್ ಇರಬೇಕೆಂದು ಶಾಲೆಗಳು ಕೇಳುತ್ತವೆ. ನಮಗೆ ಅಲ್ಲಿ ಬಂಧುಗಳಿರಲಿಲ್ಲ. ಏಜೆಂಟರು ತೋರಿಸಿದ ಒಂದು ಗಾರ್ಡಿಯನ್ ಸಂಸ್ಥೆಗೆ ಹಣ ಕಟ್ಟಿದೆವು. ಅವರು ಗೊತ್ತುಮಾಡಿದ ಕುಟುಂಬದವರ ಜೊತೆ ವಿಡಿಯೋ ಕರೆಯಲ್ಲಿ ಮಾತನಾಡಿ, ಅವರ ಮನೆಯ ನಾಯಿಯನ್ನೂ ನೋಡಿ, ಮಗ ಖುಷಿಯಾಗಿದ್ದ.

ಮೊದಲ ಅಕ್ಟೋಬರಿನ ಹಾಫ್ ಟರ್ಮ್. ರಾತ್ರಿ ಒಂದು ಗಂಟೆಗೆ ನನ್ನ ಫೋನು ಬಾರಿಸಿತು. ಅಲ್ಲಿ ಆಗ ಎಂಟೂವರೆ. ಮಗ ಬಹಳ ಮೆಲ್ಲಗೆ ಮಾತನಾಡುತ್ತಿದ್ದ. “ಅವ್ವಾ, ಇದು ಆ ಮನಿ ಅಲ್ಲ. ಇಲ್ಲಿ ನಾಯಿ ಇಲ್ಲ” ಎಂದ. ಮೊದಲಿನ ಕುಟುಂಬದವರಿಗೆ ಏನೋ ಅಡಚಣೆಯಾಗಿ, ಸಂಸ್ಥೆಯವರು ನಮಗೆ ಒಂದು ಮಾತು ತಿಳಿಸದೆ ಮಗನನ್ನು ಬೇರೊಂದು ಮನೆಗೆ ಕಳುಹಿಸಿದ್ದರು. ಹೊಸ ಮನೆಯವರು ಒಳ್ಳೆಯವರೇ, ಯಾವ ಕೆಡುಕೂ ಆಗಲಿಲ್ಲ. ಆದರೆ ಮಗ ಮೂರು ರಾತ್ರಿ ಬ್ಯಾಗಿನ ಜಿಪ್ ತೆಗೆಯದೆ, ಬೂಟುಗಳನ್ನು ಹಾಸಿಗೆಯ ಪಕ್ಕದಲ್ಲೇ ಇಟ್ಟುಕೊಂಡು ಮಲಗಿದನೆಂದು ಮುಂದೆ ಆ ಮನೆಯಾಕೆಯೇ ನನಗೆ ಹೇಳಿದರು. ಆ ಮೂರು ರಾತ್ರಿ ನಾವು ಇಲ್ಲಿ ಹೇಗೆ ಕಳೆದೆವೆಂಬುದನ್ನು ಬರೆಯಲಾರೆ.

ಆಮೇಲೆ ಕಲಿತದ್ದನ್ನು ನಿಮಗೆ ಹೇಳುತ್ತೇನೆ. ಗಾರ್ಡಿಯನ್ ಸಂಸ್ಥೆಗಳನ್ನು ಪರಿಶೀಲಿಸಿ ಮಾನ್ಯತೆ ಕೊಡುವ ‘ಏಜಿಸ್’ ಎಂಬ ಸಂಘಟನೆ ಅಲ್ಲಿದೆ. ಆ ಮಾನ್ಯತೆ ಇದೆಯೇ ಎಂದು ಮೊದಲು ನೋಡಿ. ಕುಟುಂಬ ಬದಲಾದರೆ ಮೊದಲು ತಂದೆತಾಯಿಗೆ ತಿಳಿಸತಕ್ಕದ್ದು ಎಂದು ಕರಾರಿನಲ್ಲಿ ಬರೆಯಿಸಿ. ಏಜೆಂಟರಿಗೆ ಶಾಲೆಗಳಿಂದ ಕಮಿಷನ್ ಬರುವುದು ಸಾಮಾನ್ಯ, ಆದ್ದರಿಂದ ಅವರು ತೋರಿಸದ ಶಾಲೆಗಳನ್ನೂ ನೀವೇ ಹುಡುಕಿ. ಪ್ರಯಾಣವನ್ನೂ ಯೋಚಿಸಿ. ಹದಿನಾಲ್ಕು ವರ್ಷಕ್ಕಿಂತ ಚಿಕ್ಕ ಮಕ್ಕಳು ಒಬ್ಬರೇ ಪ್ರಯಾಣಿಸಲು ಕೆಲವು ವಿಮಾನ ಕಂಪನಿಗಳು ಒಪ್ಪುವುದಿಲ್ಲ. ನಮ್ಮ ಮನೆಯವರು ಮೊದಲ ಮೂರು ವರ್ಷ ಪ್ರತಿ ದೊಡ್ಡ ರಜೆಗೂ ಹೋಗಿ ಕರೆತಂದು, ಮತ್ತೆ ಬಿಟ್ಟು ಬಂದರು. ಗದಗಿನಿಂದ ಬೆಂಗಳೂರು, ಅಲ್ಲಿಂದ ಲಂಡನ್, ಅಲ್ಲಿಂದ ಶಾಲೆ ಎಂದರೆ ಹೋಗುವುದಕ್ಕೇ ಎರಡು ದಿನ.

ಊಟದ ಬಗ್ಗೆ ಯಾರೂ ಮುಂಚೆ ಹೇಳುವುದಿಲ್ಲ. ಸಸ್ಯಾಹಾರ ಎಲ್ಲ ಶಾಲೆಗಳಲ್ಲೂ ಸಿಗುತ್ತದೆ, ಆದರೆ ಅಲ್ಲಿನ ಲೆಕ್ಕದಲ್ಲಿ ಮೊಟ್ಟೆ ಸಸ್ಯಾಹಾರವೇ. ಮಕ್ಕಳು ಹಂಚಿಕೊಳ್ಳುವ ಮೆದು ಮಿಠಾಯಿಗಳಲ್ಲಿ ಪ್ರಾಣಿಗಳ ಎಲುಬು ಚರ್ಮದಿಂದ ತೆಗೆದ ಜೆಲಟಿನ್ ಇರುತ್ತದೆ. ನಿಮ್ಮ ಮನೆಯಲ್ಲಿ ಇದು ನಡೆಯುವುದಿಲ್ಲವಾದರೆ ಮೊದಲೇ ಬರೆದು ಕೊಡಿ.

ಉತ್ತರ 3: ಲೆಕ್ಕಪರಿಶೋಧಕ, ವಿದ್ಯಾನಗರ, ಹುಬ್ಬಳ್ಳಿ

ಖರ್ಚಿನ ಬಗ್ಗೆ ಸಂಕ್ಷಿಪ್ತವಾಗಿ ಹೇಳುತ್ತೇನೆ. ಪೂರ್ಣ ವಸತಿಯ ಶುಲ್ಕ ವರ್ಷಕ್ಕೆ 40,000 ಪೌಂಡಿನ ಆಸುಪಾಸು ಇರುತ್ತದೆ. ಚಿಕ್ಕ ಮಕ್ಕಳ ಶಾಲೆಗಳಲ್ಲಿ ಸ್ವಲ್ಪ ಕಡಿಮೆ, ಹೆಸರಾಂತ ಶಾಲೆಗಳಲ್ಲಿ ಹೆಚ್ಚು. 2025ರ ಜನವರಿ 1ರಿಂದ ಅಲ್ಲಿನ ಸರ್ಕಾರ ಖಾಸಗಿ ಶಾಲೆಗಳ ಶುಲ್ಕದ ಮೇಲೆ ಶೇ. 20ರಷ್ಟು ವ್ಯಾಟ್ ಹಾಕಿದೆ. ಆದ್ದರಿಂದ ನಿಮಗೆ ಹೇಳಿರುವ ಮೊತ್ತದಲ್ಲಿ ಅದು ಸೇರಿದೆಯೋ ಇಲ್ಲವೋ ಕೇಳಿಕೊಳ್ಳಿ. ವೀಸಾ ಶುಲ್ಕದ ಜೊತೆಗೆ ಆರೋಗ್ಯ ಸೇವೆಗೆಂದು ವರ್ಷಕ್ಕೆ 776 ಪೌಂಡನ್ನು ಮುಂಗಡವಾಗಿ ಕಟ್ಟಬೇಕಾಗುತ್ತದೆ. ಗಾರ್ಡಿಯನ್, ವಿಮಾನ, ಬಟ್ಟೆಬರೆ ಎಲ್ಲ ಬೇರೆ. ಮೂರನೆಯ ತರಗತಿಯಿಂದ ಹನ್ನೆರಡರವರೆಗೆ ಲೆಕ್ಕ ಹಾಕಿದರೆ ನಾಲ್ಕು ಕೋಟಿ ರೂಪಾಯಿ ಸುಲಭವಾಗಿ ದಾಟುತ್ತದೆ, ಅದೂ ಪೌಂಡಿನ ಬೆಲೆ ಏರದಿದ್ದರೆ.

ಹಣ ಕಳುಹಿಸುವುದಕ್ಕೆ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ನಿಯಮದಡಿ ಒಬ್ಬರಿಗೆ ಆರ್ಥಿಕ ವರ್ಷವೊಂದಕ್ಕೆ 2,50,000 ಡಾಲರ್ ಮಿತಿ ಇರುವುದರಿಂದ ತೊಡಕಿಲ್ಲ. 10 ಲಕ್ಷ ರೂಪಾಯಿ ಮೀರಿದ ಭಾಗಕ್ಕೆ ಬ್ಯಾಂಕಿನವರು ಟಿಸಿಎಸ್ ಎಂಬ ಮುಂಗಡ ತೆರಿಗೆ ಹಿಡಿಯುತ್ತಾರೆ, ಅದನ್ನು ನಿಮ್ಮ ಆದಾಯ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು. ಠೇವಣಿ ಕಟ್ಟುವ ಮುಂಚೆ ಕರಾರಿನ ಒಂದು ಷರತ್ತನ್ನು ತಪ್ಪದೆ ಓದಿ. ಮಗುವನ್ನು ಬಿಡಿಸಿಕೊಂಡು ಬರಬೇಕಾದರೆ ಅಲ್ಲಿನ ಶಾಲೆಗಳು ಸಾಮಾನ್ಯವಾಗಿ ಒಂದು ಪೂರ್ಣ ಅವಧಿಯಷ್ಟು ಮುಂಚೆ ನೋಟಿಸ್ ಕೇಳುತ್ತವೆ, ಕೊಡದಿದ್ದರೆ ಒಂದು ಅವಧಿಯ ಶುಲ್ಕ ವಸೂಲಾಗುತ್ತದೆ. ಮಗು ಹೊಂದಿಕೊಳ್ಳಲಿಲ್ಲವೆಂದು ನವೆಂಬರಿನಲ್ಲಿ ಕರೆತಂದರೂ ಮಾರ್ಚಿನವರೆಗಿನ ಹಣ ಹೋಗುತ್ತದೆ. ಆ ಹಣದ ಮುಖ ನೋಡಿ ಮಗುವನ್ನು ಅಲ್ಲೇ ಬಿಟ್ಟವರನ್ನು ನಾನು ಬಲ್ಲೆ. ಆ ಮೊತ್ತವನ್ನು ಮೊದಲೇ ಬೇರೆ ಎತ್ತಿಟ್ಟುಬಿಡಿ.

ಸಿಇಟಿ ವಿಷಯವೂ ಗೊತ್ತಿರಲಿ. ರಾಜ್ಯದ ಸೀಟಿಗೆ ಸಾಮಾನ್ಯ ನಿಯಮದಂತೆ ಒಂದನೆಯ ತರಗತಿಯಿಂದ ದ್ವಿತೀಯ ಪಿಯುಸಿವರೆಗಿನ ಅವಧಿಯಲ್ಲಿ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು, ಜೊತೆಗೆ ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ ಇಲ್ಲಿಯೇ ಪಾಸಾಗಿರಬೇಕು. ಈಗಲೇ ಹೋದರೆ, ಮುಂದೆ ಪಿಯುಸಿಗೆ ಮರಳಿ ಬಂದರೂ ಆ ಏಳು ವರ್ಷ ಕೂಡುವುದಿಲ್ಲ. ಏಳನೆಯ ತರಗತಿ ಮುಗಿಸಿ ಹೋದರೆ ಆ ಬಾಗಿಲು ತೆರೆದೇ ಇರುತ್ತದೆ.

ಉತ್ತರ 4: ಬೋರ್ಡಿಂಗ್ ಶಾಲೆಯ ನರ್ಸ್, ಇಂಗ್ಲೆಂಡ್ (ಊರು ರಾಣೆಬೆನ್ನೂರು ತಾಲ್ಲೂಕು)

ಅಣ್ಣಾವರೇ, ನಾನು ಹಾವೇರಿ ಜಿಲ್ಲೆಯವಳು. ಒಂಬತ್ತು ವರ್ಷಗಳಿಂದ ಇಲ್ಲಿನ ಬೋರ್ಡಿಂಗ್ ಶಾಲೆಯಲ್ಲಿ ಚಿಕ್ಕ ಮಕ್ಕಳ ವಸತಿಗೃಹದ ನರ್ಸ್ ಆಗಿದ್ದೇನೆ. ನಿಮ್ಮ ಮಗಳಂಥ ಮಕ್ಕಳಿಗೆ ಜ್ವರ ಬಂದಾಗ ಹಣೆ ಮುಟ್ಟುವವಳು ನಾನೇ. ಆದ್ದರಿಂದ ಒಳಗಿನ ಮಾತನ್ನೇ ಹೇಳುತ್ತೇನೆ.

ಶಾಲೆ ನೋಡಲು ಬರುವ ತಂದೆತಾಯಿಗಳು ಬೆಳಿಗ್ಗೆ ಹನ್ನೊಂದಕ್ಕೆ ಬಂದು ಪ್ರಯೋಗಾಲಯ, ಈಜುಕೊಳ, ಗ್ರಂಥಾಲಯ ನೋಡಿ ಹೋಗುತ್ತಾರೆ. ಹಗಲಿನಲ್ಲಿ ಎಲ್ಲ ಶಾಲೆಗಳೂ ಚೆನ್ನಾಗಿಯೇ ಇರುತ್ತವೆ. ನೀವು ಸಂಜೆ ಏಳಕ್ಕೆ ಬರುತ್ತೇವೆ, ಮಲಗುವ ಕೋಣೆಗಳನ್ನು ತೋರಿಸಿ ಎಂದು ಕೇಳಿ. ಮತ್ತು ಒಂದು ಪ್ರಶ್ನೆಯನ್ನು ತಪ್ಪದೆ ಕೇಳಿ: “ನನ್ನ ಮಗಳ ವಯಸ್ಸಿನ ಎಷ್ಟು ಮಕ್ಕಳು ಶನಿವಾರ ರಾತ್ರಿ ಇಲ್ಲಿ ಮಲಗುತ್ತಾರೆ?” ಇಲ್ಲಿನ ಚಿಕ್ಕ ಮಕ್ಕಳ ಶಾಲೆಗಳಲ್ಲಿ ಅನೇಕ ಮಕ್ಕಳು ವಾರಕ್ಕೆ ಎರಡು ಮೂರು ರಾತ್ರಿ ಮಾತ್ರ ಉಳಿಯುವವರು, ಇಲ್ಲವೇ ಶುಕ್ರವಾರ ಸಂಜೆ ಮನೆಗೆ ಹೋಗುವವರು. ಪುಸ್ತಿಕೆಯಲ್ಲಿ ಅರವತ್ತು ಬೋರ್ಡರುಗಳೆಂದು ಬರೆದಿರುತ್ತಾರೆ. ಶುಕ್ರವಾರ ನಾಲ್ಕು ಗಂಟೆಗೆ ಕಾರುಗಳು ಸಾಲುಗಟ್ಟಿ ಬಂದು ಅವರನ್ನೆಲ್ಲ ಕರೆದೊಯ್ದ ಮೇಲೆ ಉಳಿಯುವವರು ಹೊರದೇಶದ ಕೆಲವೇ ಮಕ್ಕಳು. ಕಿಟಕಿಯ ಬಳಿ ನಿಂತು ಆ ಕಾರುಗಳನ್ನು ನೋಡುವ ಮಕ್ಕಳನ್ನು ಪ್ರತಿ ವಾರ ನೋಡುತ್ತೇನೆ. ಡಿಸೆಂಬರಿನಲ್ಲಿ ಅಷ್ಟು ಹೊತ್ತಿಗೆ ಹೊರಗೆ ಕತ್ತಲೆಯೂ ಆಗಿರುತ್ತದೆ.

ಮಕ್ಕಳು ಮೊದಲ ಎರಡು ವಾರ ಅಳುವುದಿಲ್ಲ, ಎಲ್ಲವೂ ಹೊಸದು. ಮೂರನೆಯ ವಾರದಿಂದ ಶುರುವಾಗುತ್ತದೆ. ಹಗಲೆಲ್ಲ ಆಟವಾಡುತ್ತಾರೆ, ರಾತ್ರಿ ಹಲ್ಲುಜ್ಜುವ ಹೊತ್ತಿಗೆ ಒಬ್ಬಳು ನಲ್ಲಿಯನ್ನು ಪೂರ್ತಿ ಬಿಟ್ಟುಕೊಂಡು ಬಹಳ ಹೊತ್ತು ನಿಂತಿರುತ್ತಾಳೆ, ನೀರಿನ ಸದ್ದಿನಲ್ಲಿ ಉಳಿದವರಿಗೆ ಕೇಳಿಸಬಾರದೆಂದು. ಆ ಹೊತ್ತಿಗೆ ಭಾರತದಲ್ಲಿ ಮಧ್ಯರಾತ್ರಿ ಕಳೆದಿರುತ್ತದೆ, ಅವ್ವನಿಗೆ ಫೋನು ಹಚ್ಚುವಂತಿಲ್ಲ. ಆಗ ಬಾಗಿಲಲ್ಲಿ ಯಾರು ನಿಂತಿರುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಅದಕ್ಕೇ ನಾನು ಹೇಳುವುದು, ಮೊದಲು ಮನುಷ್ಯರನ್ನು ಆರಿಸಿ, ಆಮೇಲೆ ಶಾಲೆಯನ್ನು. ವಸತಿಗೃಹ ನೋಡಿಕೊಳ್ಳುವ ದಂಪತಿಗಳು ಎಷ್ಟು ವರ್ಷದಿಂದ ಅಲ್ಲಿದ್ದಾರೆ, ಅಲ್ಲೇ ಮಲಗುತ್ತಾರೆಯೇ, ನರ್ಸ್ ರಾತ್ರಿ ಇರುತ್ತಾಳೆಯೇ ಎಂದು ಕೇಳಿ. ನಿಮ್ಮ ಮಗಳಿಗೆ ಉದ್ದ ಕೂದಲಿದೆಯೇ? ತಾನೇ ಜಡೆ ಹೆಣೆದುಕೊಳ್ಳಲು ಬರುತ್ತದೆಯೇ? ಬೆಳಿಗ್ಗೆ ಏಳೂವರೆಗೆ ನಾಲ್ಕು ಹುಡುಗಿಯರಿಗೆ ಜಡೆ ಹಾಕುವುದು ನನ್ನ ಕೆಲಸದ ಪಟ್ಟಿಯಲ್ಲಿಲ್ಲ, ಆದರೂ ಹಾಕುತ್ತೇನೆ. ಎಲ್ಲ ಶಾಲೆಗಳಲ್ಲಿ ಹಾಕುವವರು ಇರುವುದಿಲ್ಲ.

ಕಾಗದಪತ್ರಗಳ ವಿಷಯಕ್ಕೆ ಬರುತ್ತೇನೆ. ಇಂಗ್ಲೆಂಡಿನ ಅನೇಕ ಖಾಸಗಿ ಶಾಲೆಗಳ ತಪಾಸಣೆಯನ್ನು ಐಎಸ್‌ಐ ಎಂಬ ಸಂಸ್ಥೆ ಮಾಡುತ್ತದೆ, ಅದರ ವರದಿಗಳು ಅಂತರ್ಜಾಲದಲ್ಲಿ ಎಲ್ಲರಿಗೂ ಸಿಗುತ್ತವೆ. ಇತ್ತೀಚಿನದೊಂದನ್ನೇ ಅಲ್ಲ, ಹಿಂದಿನ ಎರಡನ್ನೂ ಓದಿ. ಬೋರ್ಡಿಂಗಿಗೆ ಸರ್ಕಾರದ ರಾಷ್ಟ್ರೀಯ ಕನಿಷ್ಠ ಮಾನದಂಡಗಳಿವೆ, ಅವುಗಳ ಪ್ರಕಾರ ಶಾಲೆಯ ಸಿಬ್ಬಂದಿಗೆ ಸೇರದ ಒಬ್ಬ ವ್ಯಕ್ತಿಯನ್ನು ಮಕ್ಕಳು ನೇರವಾಗಿ ಸಂಪರ್ಕಿಸಲು ಅವಕಾಶ ಇರಲೇಬೇಕು. ವಸತಿ ಶಾಲೆಗಳಲ್ಲಿ ಮಕ್ಕಳ ಮೇಲೆ ನಡೆದ ಲೈಂಗಿಕ ದೌರ್ಜನ್ಯದ ಬಗ್ಗೆ ಇಲ್ಲಿನ ಸ್ವತಂತ್ರ ವಿಚಾರಣಾ ಆಯೋಗ 2022ರ ಮಾರ್ಚಿನಲ್ಲಿ ವರದಿ ಪ್ರಕಟಿಸಿತು. ಇದನ್ನು ಹೆದರಿಸಲು ಹೇಳುತ್ತಿಲ್ಲ. ಶಾಲೆಯವರಿಗೆ ಈ ವಿಷಯದಲ್ಲಿ ಪ್ರಶ್ನೆ ಹಾಕಲು ನೀವು ಸಂಕೋಚಪಡಬಾರದು, ಒಳ್ಳೆಯ ಶಾಲೆ ಆ ಪ್ರಶ್ನೆಗೆ ಬೇಸರಿಸುವುದಿಲ್ಲ.

ತಾಯಿ ಜೊತೆಗಿರಬಹುದೇ ಎಂದು ಕೇಳಿದ್ದೀರಿ. ಮಗು 4ರಿಂದ 11 ವರ್ಷದೊಳಗಿದ್ದು ಖಾಸಗಿ ಶಾಲೆಯಲ್ಲಿ ಹಗಲು ವಿದ್ಯಾರ್ಥಿಯಾಗಿ ಓದುತ್ತಿದ್ದರೆ ತಂದೆ ಅಥವಾ ತಾಯಿ, ಒಬ್ಬರು ಮಾತ್ರ, ಜೊತೆಗಿರಲು ವೀಸಾ ಇದೆ. ಆದರೆ ಅವರು ಇಲ್ಲಿ ಕೆಲಸ ಮಾಡುವಂತಿಲ್ಲ, ಮಗುವಿಗೆ ಹನ್ನೆರಡು ತುಂಬಿದಾಗ ಆ ವೀಸಾ ಮುಗಿಯುತ್ತದೆ. ಬಂಧುಗಳಲ್ಲದವರ ಮನೆಯಲ್ಲಿ ಹದಿನಾರು ವರ್ಷದೊಳಗಿನ ಮಗು 28 ದಿನ ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಸ್ಥಳೀಯ ಕೌನ್ಸಿಲಿಗೆ ತಿಳಿಸಬೇಕು. ಸೋದರಮಾವ ಹತ್ತಿರದ ಬಂಧುವಾದ್ದರಿಂದ ನಿಮಗೆ ಆ ತೊಡಕಿಲ್ಲ. ಅವರು ಇಲ್ಲಿ ಕಾಯಂ ನೆಲೆಸಿದವರಾದರೆ ಮಗಳು ಅವರ ಮನೆಯಲ್ಲಿದ್ದು ಖಾಸಗಿ ಶಾಲೆಗೆ ಹೋಗಿಬರುವುದನ್ನೂ ನಿಯಮಗಳು ಒಪ್ಪುತ್ತವೆ. ಆದರೆ ಅವರ ಹೆಂಡತಿಯನ್ನು ಕೇಳಿದ್ದೀರಾ? ಜಡೆ, ಊಟ, ಜ್ವರ ಎಲ್ಲ ಆ ತಾಯಿಯ ಪಾಲಿಗೆ ಬರುತ್ತವೆ.

ಮತ್ತೆ ಬರೆದಿದ್ದೇನೆ: ಗೋಕುಲ ರಸ್ತೆಯ ತಂದೆ, ಹುಬ್ಬಳ್ಳಿ

ಹತ್ತು ದಿನಗಳ ನಂತರ ಬರೆಯುತ್ತಿದ್ದೇನೆ, ತಡವಾದುದಕ್ಕೆ ಕ್ಷಮೆಯಿರಲಿ. ನಿಮ್ಮೆಲ್ಲರ ಬರಹಗಳನ್ನು ರಾತ್ರಿ ಊಟವಾದ ಮೇಲೆ ಹೆಂಡತಿಗೂ ತಾಯಿಗೂ ಗಟ್ಟಿಯಾಗಿ ಓದಿ ಹೇಳಿದೆ. ಈ ಸಲ ನನ್ನ ತಾಯಿ ಎದ್ದು ಹೋಗಲಿಲ್ಲ.

ರಾಣೆಬೆನ್ನೂರಿನ ತಂಗಿ ಹೇಳಿಕೊಟ್ಟ ಪ್ರಶ್ನೆಯನ್ನು ಮೂರೂ ಶಾಲೆಗಳಿಗೆ ನಾನೇ ಇಮೇಲ್ ಮಾಡಿ ಕೇಳಿದೆ. ಒಂದರಿಂದ ಉತ್ತರ ಬರಲಿಲ್ಲ. ಇನ್ನೊಂದರವರು ವಾರಾಂತ್ಯದ ಚಟುವಟಿಕೆಗಳ ಸುಂದರವಾದ ಪಟ್ಟಿಯನ್ನು ಕಳುಹಿಸಿದರು, ಸಂಖ್ಯೆ ಬರೆಯಲಿಲ್ಲ. ಮೂರನೆಯ ಶಾಲೆಯ ಮುಖ್ಯೋಪಾಧ್ಯಾಯಿನಿ ತಾವೇ ಕರೆ ಮಾಡಿ, ಒಂಬತ್ತು ವರ್ಷದೊಳಗಿನ ಮಕ್ಕಳಲ್ಲಿ ಶನಿವಾರ ಉಳಿಯುವವರು ಇಬ್ಬರೇ ಎಂದೂ, ಹನ್ನೊಂದರ ನಂತರದವರಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಎಂದೂ ಮುಚ್ಚುಮರೆಯಿಲ್ಲದೆ ಹೇಳಿ, ತಾವಾದರೆ ಕಾಯುವುದಾಗಿ ತಿಳಿಸಿದರು. ನನ್ನ ಹರಕುಮುರುಕು ಇಂಗ್ಲಿಷಿನಲ್ಲಿ ಅವರೊಡನೆ ಅರ್ಧ ಗಂಟೆ ಮಾತನಾಡಿದೆ, ಮಧ್ಯೆ ಯಾರನ್ನೂ ಕೂರಿಸಿಕೊಳ್ಳಲಿಲ್ಲ.

ಈ ವರ್ಷ ಕಳುಹಿಸುವುದಿಲ್ಲ. ಏಜೆಂಟರಿಗೆ ಠೇವಣಿ ಕಟ್ಟುವುದಿಲ್ಲವೆಂದು ತಿಳಿಸಿದ್ದೇನೆ. ಹೆಂಡತಿ ಕೆಲಸ ಬಿಟ್ಟು ಅಲ್ಲಿ ಹೋಗಿ ಕೂಡ್ರುವುದು ನಮಗೆ ಸರಿಕಾಣಲಿಲ್ಲ. ಭಾವಮೈದುನನ ಹೆಂಡತಿ ಆಸ್ಪತ್ರೆಯಲ್ಲಿ ಪಾಳಿ ಕೆಲಸ ಮಾಡುವವಳು, ಕೇಳುವುದೇ ತಪ್ಪಾದೀತು. ಏಳನೆಯ ತರಗತಿ ಇಲ್ಲಿಯೇ ಮುಗಿಯಲಿ, ಅಷ್ಟರಲ್ಲಿ ಮಗಳನ್ನೇ ಕೇಳುವ ವಯಸ್ಸು ಬರುತ್ತದೆ ಎಂದು ಮೂವರೂ ಒಪ್ಪಿದ್ದೇವೆ. ಬರುವ ನವೆಂಬರಿನಲ್ಲಿ ವ್ಯಾಪಾರದ ಕೆಲಸಕ್ಕೆ ಬರ್ಮಿಂಗ್‌ಹ್ಯಾಮಿನ ಕಡೆ ಹೋಗುವುದಿದೆ. ಆ ಮೂರನೆಯ ಶಾಲೆಗೆ ಸಂಜೆ ಏಳು ಗಂಟೆಗೆ ಬರುತ್ತೇವೆಂದು ಹೇಳಿಟ್ಟಿದ್ದೇನೆ.

ಧಾರವಾಡದ ಅಕ್ಕಾವರಿಗೆ ಒಂದು ವಿನಂತಿ. ಮಗಳಿಗೆ ಒತ್ತಕ್ಷರಗಳಲ್ಲಿ ‘ಷ್ಟ್ರ’ ಇನ್ನೂ ಕೂಡುತ್ತಿಲ್ಲ, ರಾಷ್ಟ್ರ ಎಂದು ಬರೆಯುವಲ್ಲಿ ಪ್ರತಿ ಸಲ ಒಂದು ಅಕ್ಷರ ಕೆಳಗೆ ಜಾರುತ್ತದೆ. ರವಿವಾರ ಬೆಳಿಗ್ಗೆ ಒಂದು ತಾಸು ನಿಮ್ಮಲ್ಲಿಗೆ ಕರೆತಂದರೆ ಹೇಳಿಕೊಡುತ್ತೀರಾ?